ಮುಖ ಒಂದೇ, ಶಾಲು ನಾಲ್ಕು

ಅಕ್ಕನ ಮಗನ ಜವಳಕ್ಕೆ ಒಂದು ಬ್ಯಾನರ್ ಮಾಡಿಸಬೇಕಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಫ್ಲೆಕ್ಸ್ ಅಂಗಡಿಗೆ ಎರಡು ದಿನ ಅಲೆದೆ. ಹೋದಾಗಲೆಲ್ಲ "ಸಂಜಿಕೆ ಬರ್ರಿ ಸರ" ಅನ್ನುವ ಉತ್ತರ. ಮೂರನೆಯ ಸಂಜೆ ಸ್ಟೂಲ್ ಎಳೆದುಕೊಂಡು ಅಲ್ಲೇ ಕೂತುಬಿಟ್ಟೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತಲ್ಲ ಎಂದು ನೀವು ಕೇಳಬಹುದು. ಕೇಳಬೇಡಿ. ಆ ನಿಷೇಧಕ್ಕೆ ಅಭಿನಂದನೆ ಸಲ್ಲಿಸುವ ಫ್ಲೆಕ್ಸನ್ನೂ ಯಾರೋ ಕಟ್ಟಿರುತ್ತಾರೆ.

ನನ್ನ ಬ್ಯಾನರ್ ತಡವಾಗಲು ಕಾರಣ ಒಬ್ಬ ಸಾವ್ಕಾರರ ಹುಟ್ಟುಹಬ್ಬ. ಮುಂದಿನ ಚುನಾವಣೆಯ ಆಕಾಂಕ್ಷಿ. ಹಿಂದಿನ ಮೂರು ಚುನಾವಣೆಗಳಿಗೂ ಆಕಾಂಕ್ಷಿಯೇ. ಕಂಪ್ಯೂಟರ್ ಮುಂದೆ ಕೂತ ಹುಡುಗ ಅವರ ಹೆಸರಿನ ಫೋಲ್ಡರ್ ತೆರೆದ. ಕೈ ಮುಗಿದು ನಿಂತ ಒಂದೇ ಫೋಟೊ. ತೆಗೆಸಿ ಹತ್ತು ವರ್ಷವಾದರೂ ಆಗಿರಬೇಕು, ಅಲ್ಲಿಂದೀಚೆಗೆ ಸಾವ್ಕಾರರಿಗೆ ವಯಸ್ಸಾಗಿಲ್ಲ. ಶಾಲು ಮಾತ್ರ ಬೇರೆ ಲೇಯರಿನಲ್ಲಿತ್ತು. ಹುಡುಗ ಒಂದು ಕಡೆ ಕ್ಲಿಕ್ ಮಾಡಿದ, ಕೇಸರಿ ಶಾಲು ಬಂತು. ಇನ್ನೊಂದು ಕ್ಲಿಕ್, ತ್ರಿವರ್ಣ. ಮತ್ತೊಂದು, ಹಸಿರು. ನಾಲ್ಕನೆಯದು ಬರೀ ಬಿಳಿ.

"ಇದು ಪಕ್ಷೇತರರಿ ಸರ. ಟಿಕೆಟ್ ತಪ್ಪಿದ್ರ ಅರ್ಜೆಂಟಿಗಿ ಬೇಕಾಗ್ತದ."

"ಹಿಂಗ ಪಕ್ಷ ಬದಲಿಸಲಾಕ ಬರಲ್ಲೋ ತಮ್ಮಾ, ಕಾಯ್ದಾ ಅದ."

"ಕಾಯ್ದಾ ಎಮ್ಮೆಲ್ಲೆ ಆದ್ಮ್ಯಾಗ ಅಲ್ರಿ? ಇವ್ರು ಇನ್ನಾ ಆಗಿಲ್ಲ."

ಹುಡುಗ ಪಿಯುಸಿ ಫೇಲ್. ಆದರೆ ಸಂವಿಧಾನದ ಹತ್ತನೆಯ ಅನುಸೂಚಿಯ ತಿರುಳು ಅವನಿಗೆ ಗೊತ್ತಿದೆ. 1985ರಲ್ಲಿ 52ನೇ ತಿದ್ದುಪಡಿಯಾಗಿ ಪಕ್ಷಾಂತರ ನಿಷೇಧ ಬಂದಾಗ, ಒಬ್ಬ ಹಾರಿದರೆ ತಪ್ಪು, ಶಾಸಕಾಂಗ ಪಕ್ಷದ ಮೂರರಲ್ಲೊಂದು ಭಾಗ ಹಾರಿದರೆ ಅದು 'ವಿಭಜನೆ', ತಪ್ಪಲ್ಲ ಎಂದಿತ್ತು. ನಮ್ಮ ಧಾನ್ಯದ ಪೇಟೆ ಗಂಜಿನ ಅಡತಿ ಅಂಗಡಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೊಗರಿಯ ಚಿಲ್ಲರೆ ದರ ಬೇರೆ, ಚೀಲಗಟ್ಟಲೆ ತಂದರೆ ಕೂರಿಸಿ ಚಹಾ ಕೊಡುತ್ತಾರೆ. 2003ರಲ್ಲಿ 91ನೇ ತಿದ್ದುಪಡಿ ಬಂದು ಮೂರರಲ್ಲೊಂದರ ಬಾಗಿಲು ಮುಚ್ಚಿತು. ಮೂರರಲ್ಲಿ ಎರಡು ಭಾಗ ಒಪ್ಪಿದ 'ವಿಲೀನ'ದ ಬಾಗಿಲು ತೆರೆದೇ ಉಳಿಯಿತು. ಅಂದರೆ ಸುಧಾರಣೆ ಮಾಡಿದ್ದಿಷ್ಟೇ, ಲಾಟಿನ ಗಾತ್ರ ಹೆಚ್ಚಿಸಿತು.

ಅಷ್ಟು ದೊಡ್ಡ ಲಾಟು ಹೊಂದಿಸುವುದು ಕಷ್ಟ. ಹಾಗಾಗಿ ಕರ್ನಾಟಕ ತನ್ನದೇ ದಾರಿ ಕಂಡುಕೊಂಡಿತು: ರಾಜೀನಾಮೆ ಕೊಡು, ಶಾಲು ಬದಲಿಸು, ಉಪಚುನಾವಣೆಗೆ ನಿಲ್ಲು. 2008ರಲ್ಲಿ ತಾಲೀಮು ನಡೆಯಿತು. 2019ರಲ್ಲಿ ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಚುನಾವಣೆ, ಅದರಲ್ಲಿ 12 ಬಿಜೆಪಿಗೆ. 2020ರ ಫೆಬ್ರುವರಿಯಲ್ಲಿ ಹಾಗೆ ಗೆದ್ದು ಬಂದ ಹತ್ತು ಮಂದಿ ಮಂತ್ರಿಗಳು. ಅನರ್ಹರು ಎಂಬ ಪದಕ್ಕೆ ನಿಘಂಟಿನಲ್ಲಿ 'ಪ್ರಮಾಣವಚನಕ್ಕೆ ಕಾದಿರುವವರು' ಎಂಬ ಅರ್ಥವನ್ನೂ ಸೇರಿಸಬಹುದಿತ್ತು.

ನಮ್ಮ ಜಿಲ್ಲೆ ಇದರಲ್ಲಿ ಹಿಂದುಳಿದಿದೆ ಎಂದು ಯಾರೂ ಅನ್ನುವಂತಿಲ್ಲ. ಅದೇ 2019ರ ಆರಂಭದಲ್ಲಿ ಚಿಂಚೋಳಿಯ ಕಾಂಗ್ರೆಸ್ ಶಾಸಕ ಉಮೇಶ್ ಜಾಧವ್ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ, ಗುಲ್ಬರ್ಗ ಲೋಕಸಭಾ ಕ್ಷೇತ್ರದಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನೇ ಸೋಲಿಸಿದರು. ಖಾಲಿ ಬಿದ್ದ ಚಿಂಚೋಳಿಯನ್ನು ಉಪಚುನಾವಣೆಯಲ್ಲಿ ಅವರ ಮಗ ಗೆದ್ದರು. ಒಂದು ರಾಜೀನಾಮೆಗೆ ಎರಡು ಸೀಟು. ಮಳೆ ಕೈಕೊಟ್ಟರೂ ಇಷ್ಟು ಇಳುವರಿ ಕೊಡುವ ಬೆಳೆ ನಮ್ಮ ಕಪ್ಪು ನೆಲದಲ್ಲಿ ಬೇರೆ ಯಾವುದಿದೆ?

ಅಷ್ಟರಲ್ಲಿ ಸಾವ್ಕಾರರೇ ಬಂದರು. ಹಿಂದೆ ಇಬ್ಬರು, ಒಬ್ಬನ ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ. ನಾನು ಪತ್ರಿಕೆಗೆ ಬರೆಯುವವನೆಂದು ತಿಳಿದು ಪಕ್ಕದಲ್ಲೇ ಕೂತರು.

"ಅಲ್ರಿ ಸರ, ಈ ಚುನಾವಣಾ ಸುಧಾರಣಾ ಅಂತಾರಲ್ಲ, ಅದ್ರಾಗ ನಮ್ಮಂಥವ್ರಿಗಿ ಏನಾರ ಅದನ?"

ನಾನು ಮೇಷ್ಟರ ಮಗ, ತಡೆಯಲಾಗಲಿಲ್ಲ. ಲೆಕ್ಕ ಶುರು ಮಾಡಿದೆ. 2018ರ ವಿಧಾನಸಭೆಯಲ್ಲಿ ಬಿಜೆಪಿಗೆ ಶೇಕಡಾ 36ರ ಆಸುಪಾಸು ಮತ, 104 ಸೀಟು. ಕಾಂಗ್ರೆಸ್ಸಿಗೆ 38, ಅಂದರೆ ಹೆಚ್ಚು ಮತ, ಸೀಟು 80. ಐದು ವರ್ಷ ಬಿಟ್ಟು 2023ರಲ್ಲಿ ಬಿಜೆಪಿಗೆ ಮತ್ತೆ ಅದೇ 36. ಸೀಟು ಎಷ್ಟು? 66. ಗಂಜಿನಲ್ಲಿ ಹೋದ ಸಲ 36 ಕಿಲೋ ತೊಗರಿಗೆ 104 ಎಣಿಸಿದ ಅಡತಿಯವನು ಈ ಸಲ ಅದೇ 36 ಕಿಲೋಗೆ 66 ಎಣಿಸಿದರೆ, ರೈತ ತಕ್ಕಡಿಯನ್ನು ಅವನ ತಲೆ ಮೇಲೇ ಹಾಕುತ್ತಿದ್ದ. ಇಲ್ಲಿ ಹಾಗಾಗಲಿಲ್ಲ. 2018ರಲ್ಲಿ ತಕ್ಕಡಿಯ ಮೇಲೆ ಸಿಟ್ಟಾಗಬೇಕಿದ್ದವರು 2023ರಲ್ಲಿ 43 ಶೇಕಡಾಕ್ಕೆ 135 ಸೀಟು ತೂಗಿಸಿಕೊಂಡು ಮನೆಗೆ ಹೋದರು. ಮುಂದಿನ ಸಲ ತನಗೂ ಹೀಗೇ ತೂಗಬಹುದೆಂಬ ಆಸೆ ಎಲ್ಲರಿಗೂ ಇರುವಾಗ ತಕ್ಕಡಿ ರಿಪೇರಿಯ ಮಾತು ಎತ್ತುವವರಾರು? ಕಾನೂನು ಆಯೋಗ 1999ರಷ್ಟು ಹಿಂದೆಯೇ ತನ್ನ 170ನೇ ವರದಿಯಲ್ಲಿ ಲೋಕಸಭೆಯ ಸ್ಥಾನಗಳನ್ನು ಕಾಲು ಭಾಗ ಹೆಚ್ಚಿಸಿ, ಹೆಚ್ಚಾದವನ್ನು ಪಕ್ಷಗಳ ಪಟ್ಟಿಯಿಂದ ಮತ ಪ್ರಮಾಣಕ್ಕೆ ತಕ್ಕಂತೆ ತುಂಬಿ ಎಂದು ಹೇಳಿತ್ತು. ವರದಿ ಈಗಲೂ ಕ್ಷೇಮವಾಗಿದೆ.

ಸಾವ್ಕಾರರು ಇಷ್ಟೆಲ್ಲದರಲ್ಲಿ ಒಂದೇ ಪದ ಹಿಡಿದರು.

"ಪಟ್ಟಿ ಅಂದ್ರಿ. ಪಟ್ಟಿಯೊಳಗ ನಂದು ಎಷ್ಟನೇ ನಂಬರ್?"

ನಾನು ಉತ್ತರಿಸುವ ಮೊದಲೇ ಹುಡುಗ ನಕ್ಕ. "ಸಾವ್ಕಾರ್ರಿ, ಪಟ್ಟಿ ಅಂದ್ರ ನಮ್ ಬ್ಯಾನರಿನ ಮ್ಯಾಲಿನ ಫೋಟೊ ಸಾಲೇ ಅಲ್ರಿ?" ಖರೇ ಮಾತು. ಫ್ಲೆಕ್ಸಿನ ನೆತ್ತಿಯಲ್ಲಿ ದುಂಡನೆಯ ಫೋಟೊಗಳ ಸಾಲಿರುತ್ತದಲ್ಲ, ದಿಲ್ಲಿಯವರು ಮೊದಲು, ಬೆಂಗಳೂರಿನವರು ಆಮೇಲೆ, ತಾಲ್ಲೂಕು ಅಧ್ಯಕ್ಷರು ಅಂಚಿನಲ್ಲಿ ಅರ್ಧ ಕಿವಿ ಕತ್ತರಿಸಿಕೊಂಡು. ಯಾರದು ಎಷ್ಟನೆಯದು ಎಂಬುದಕ್ಕೆ ರಾತ್ರಿ ಎರಡು ಗಂಟೆಗೂ ಫೋನು ಬರುತ್ತದಂತೆ. ಹೋದ ಜಯಂತಿಗೆ ಒಬ್ಬರ ಫೋಟೊ ಅರ್ಧ ಇಂಚು ಚಿಕ್ಕದಾಯಿತೆಂದು ಅವರ ಕಡೆಯವರು ಕಟ್ಟಿದ ಬ್ಯಾನರ್ ಹರಿದೇ ಹೋದರು. ಪಟ್ಟಿ ಪದ್ಧತಿಗೆ ನಮ್ಮ ಪಕ್ಷಗಳು ಎಂದೋ ತಯಾರಾಗಿವೆ. ಕಾನೂನು ಮಾತ್ರ ಬರಬೇಕು.

ನ್ಯೂಜಿಲೆಂಡಿನ ಕತೆ ಹೇಳಿದೆ. ಅಲ್ಲಿ 1981ರಲ್ಲಿ ಒಂದು ಸಣ್ಣ ಪಕ್ಷಕ್ಕೆ ಶೇಕಡಾ 20ಕ್ಕಿಂತ ಹೆಚ್ಚು ಮತ ಬಿದ್ದು ಸಿಕ್ಕಿದ್ದು ಎರಡೇ ಸೀಟು. ಜನ ರೋಸಿ 1993ರ ಜನಮತದಲ್ಲಿ ಪದ್ಧತಿಯನ್ನೇ ಬದಲಿಸಿ, ಮತ ಪ್ರಮಾಣಕ್ಕೆ ತಕ್ಕಂತೆ ಪಟ್ಟಿಯಿಂದಲೂ ಸೀಟು ತುಂಬುವ ಪದ್ಧತಿ ತಂದರು. ಹೊಸ ಪದ್ಧತಿಯ ಮೊದಲ ಚುನಾವಣೆ 1996ಕ್ಕೆ. ಅಷ್ಟರವರೆಗೆ ಕಾಯುವ ತಾಳ್ಮೆ ಸಂಸದರಿಗೆಲ್ಲಿ? 1995ರಲ್ಲೇ ಎರಡು ದೊಡ್ಡ ಪಕ್ಷಗಳಿಂದ ಏಳು ಮಂದಿ ಎದ್ದು ಬಂದು ಸ್ವಂತ ಪಕ್ಷ ಕಟ್ಟಿದರು.

"ಏಳ ಮಂದಿಗಿ ಒಂದು ಪಕ್ಷಾ?" ಸಾವ್ಕಾರರ ಕಣ್ಣು ಅರಳಿತು. "ನಮ್ಮ ಮನ್ಯಾಗೇ ಒಂಬತ್ತು ಮಂದಿ ಇದ್ದೀವಲ್ರಿ!"

"ಚುನಾವಣೆಯಲ್ಲಿ ಆ ಏಳರಲ್ಲಿ ಗೆದ್ದು ಬಂದವರು ಒಬ್ಬರೇ ರೀ."

"ಆ ಒಬ್ಬವ ಹೆಂಗ ಗೆದ್ದ, ಅದನ್ನ ಹೇಳ್ರಿ."

ಪಟ್ಟಿಯಿಂದ ಒಳಗೆ ಬರಲು ಅಲ್ಲಿ ಪಕ್ಷಕ್ಕೆ ಐದು ಪರ್ಸೆಂಟ್ ಮತವಾದರೂ ಬೇಕು, ಇಲ್ಲವೇ ಒಂದು ಕ್ಷೇತ್ರ ಗೆಲ್ಲಬೇಕು ಎಂದೆ. ಐದೇ ಪರ್ಸೆಂಟಾ ಎಂದು ಅವರ ಹಿಂಬಾಲಕ ಅನುಮಾನದಿಂದ ನೋಡಿದ; ಅವನು ಗುತ್ತಿಗೆದಾರ, ಆ ಪದಕ್ಕೆ ಅವನ ಲೆಕ್ಕವೇ ಬೇರೆ. ದೋಣಿ ಬದಲಿಸುವುದು, ಅಂದರೆ ಪಕ್ಷಾಂತರ, ಅಲ್ಲೂ ನಿಲ್ಲಲಿಲ್ಲ. ದೋಣಿಗೆ ಅಲ್ಲಿನ ಮೂಲನಿವಾಸಿಗಳ ಮಾವೋರಿ ಭಾಷೆಯಲ್ಲಿ 'ವಾಕಾ', ಹಾಗಾಗಿ ಅದಕ್ಕೆ 'ವಾಕಾ ಜಂಪಿಂಗ್' ಎಂದೇ ಹೆಸರು. 2001ರಲ್ಲಿ ತಡೆಯಲು ಕಾನೂನು ಮಾಡಿದರು, 2005ಕ್ಕೆ ಅದರ ಅವಧಿ ಮುಗಿಯಿತು, 2018ರಲ್ಲಿ ಇನ್ನೊಮ್ಮೆ ಮಾಡಿದರು.

ಸಾವ್ಕಾರರು ಬಹಳ ಹೊತ್ತು ಭಜಿ ಅಗಿದರು. ಆಮೇಲೆ ಹುಡುಗನ ಕಡೆ ತಿರುಗಿ, "ಏ ತಮ್ಮಾ, ಐದನೇ ಶಾಲು ಒಂದು ಮಾಡಿ ಇಡು. ಬಣ್ಣ ಆಮ್ಯಾಲೆ ಹೇಳ್ತೀನಿ" ಎಂದು ಎದ್ದು ಹೋದರು.

ರಾತ್ರಿ ಹತ್ತೂವರೆಗೆ ನನ್ನ ಬ್ಯಾನರ್ ಸುತ್ತಿ ಕೈಗಿಟ್ಟ. ಮನೆಯಲ್ಲಿ ಬಿಡಿಸಿ ನೋಡಿದರೆ, ಹನ್ನೊಂದು ತಿಂಗಳ ಕೂಸು ಜುಟ್ಟು ಕಟ್ಟಿಕೊಂಡು ಬೊಚ್ಚು ಬಾಯಲ್ಲಿ ನಗುತ್ತಿದೆ, ಹೆಗಲ ಮೇಲೆ ದೊಡ್ಡದೊಂದು ಶಾಲು. ಹುಡುಗ ಆ ಲೇಯರ್ ತೆಗೆಯಲು ಮರೆತಿದ್ದ. ಅಕ್ಕ ಬೈಯತೊಡಗಿದಳು. ಮಾವ ಮಾತ್ರ ಬ್ಯಾನರನ್ನು ಹತ್ತಿರದಿಂದ, ದೂರದಿಂದ ಎರಡೂ ಕಡೆ ನಿಂತು ನೋಡಿದರು.

"ಸುಮ್ನಿರು, ಚೊಲೋನೇ ಕಾಣಸ್ತಾನ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಉಳಿದ ಮೂರು ಬಣ್ಣದಾಗೂ ಒಂದೊಂದು ತರ್ಸು. ಊಟಕ್ಕ ಯಾರ್ಯಾರ ಬರ್ತಾರೋ."