ಎರಡೇ ಸುತ್ತಿಗೆ ಮುಗಿದ ಮೌಂಜಿ

ಭಾನುವಾರ ಚಿಕ್ಕಮ್ಮನ ಮೊಮ್ಮಗನ ಉಪನಯನಕ್ಕೆ ಹೋಗಿ ಬಂದವನು ಎರಡು ದಿನ ಬಾಯಿ ಮುಚ್ಚಿಕೊಂಡಿರಲು ನೋಡಿದೆ, ಸಾಧ್ಯವಾಗಲಿಲ್ಲ. ವಟುವಿನ ಸೊಂಟಕ್ಕೆ ಮೂರು ಸುತ್ತು ಬರಬೇಕಾದ ಮೌಂಜಿ, ಅಂದರೆ ಹುಲ್ಲಿನ ಉಡಿದಾರ, ಎರಡೇ ಸುತ್ತಿಗೆ ಮುಗಿದುಹೋಯಿತು. ಪುರೋಹಿತರು ಅದರ ತುದಿಯನ್ನು ಎತ್ತಿ ಹಿಡಿದು, "ಇದು ವಟುವಿನ ಅಳತೆ ಅಲ್ಲ, ಮದುವೆ ಗಂಡಿನ ಅಳತೆ" ಎಂದರು. ಛತ್ರಕ್ಕೆ ಛತ್ರವೇ ನಕ್ಕಿತು. ಒಂಬತ್ತು ವರ್ಷದ ಹುಡುಗನೂ ನಕ್ಕ. ಆದರೆ ನಗುವಾಗ ಎರಡೂ ಕೈಗಳನ್ನು ಬರಿಯ ಎದೆಗೆ ಅಡ್ಡ ಹಿಡಿದುಕೊಂಡ.

ನಾನು ಹಿಂದಿನ ಸಾಲಿನಲ್ಲಿದ್ದೆ. ತಲೆ ಬೋಳಿಸಿದ್ದರಿಂದ ಅವನ ಕುತ್ತಿಗೆ ಎದ್ದು ಕಾಣುತ್ತಿತ್ತು. ಮಡಿಕೆಗಳ ಉದ್ದಕ್ಕೂ ಮಸಿ ಬಳಿದಂತೆ ದಪ್ಪನೆಯ ಕಪ್ಪು ಪಟ್ಟಿ, ಅದರ ಅಂಚಿನಲ್ಲಿ ಬೆಳಗಿನ ಮಂಗಳಸ್ನಾನದಲ್ಲಿ ಉಜ್ಜಿದ ಕೆಂಪು. ಅವನ ತಾಯಿ, ನನ್ನ ತಂಗಿಯಂಥವಳು, "ಕಡಲೆಹಿಟ್ಟು ಹಾಕಿ ಎಷ್ಟು ತಿಕ್ಕಿದ್ರೂ ಈ ಕೊಳೆ ಹೋಗಲ್ಲ ಅಣ್ಣ" ಎಂದಳು. ಅದು ಕೊಳೆಯಲ್ಲ. ದೇಹ ಇನ್ಸುಲಿನ್ನಿನ ಮಾತು ಕೇಳದೆ ಹೋದಾಗ, ರಕ್ತದಲ್ಲಿ ಅದರ ಪ್ರಮಾಣ ಏರುತ್ತಾ ಹೋದಾಗ ಚರ್ಮದ ಮೇಲೆ ಹೀಗೆ ಗುರುತು ಮೂಡುತ್ತದೆ. ಇದನ್ನು ಅವಳಿಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಬಂದು, ನಾನು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿರುವ ಆ ವಾಕ್ಯವನ್ನು ಹೇಳಿದರು: "ಬೆಳೆಯೋ ಮಗು ಕಣೋ, ಎತ್ತರ ಬಂದಾಗ ಇಳಿಯತ್ತೆ."

ನನ್ನ ಸ್ನೇಹಿತರಿಗೆ ನನ್ನ ಬಲ ಮಣಿಕಟ್ಟಿನ ಕಲೆಯ ಕಥೆ ಗೊತ್ತಿದೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಆ ದಾರಿಯಿಂದ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹೋಯಿತು. ನಾನೂ ಮನೆಯ "ಗುಂಡ"ನೇ ಆಗಿದ್ದೆ, ನನಗೂ ಎತ್ತರ ಬರುತ್ತದೆ ಎಂದೇ ಎಲ್ಲರೂ ಕಾದಿದ್ದರು. ಎತ್ತರವೇನೋ ಬಂತು.

ಸಂಖ್ಯಾಶಾಸ್ತ್ರ ಪಾಠ ಮಾಡಿ ಹೊಟ್ಟೆ ಹೊರೆಯುವವನಾದ್ದರಿಂದ, ಆಸ್ಪತ್ರೆಯಿಂದ ಬಂದ ಮೇಲೆ ಈ ಕುರಿತ ಅಧ್ಯಯನಗಳನ್ನು ಹುಡುಕಿ ಹುಡುಕಿ ಓದಿದೆ. ಅಮೆರಿಕದ ಲೂಯಿಸಿಯಾನಾದಲ್ಲಿ ಬೊಗಲೂಸಾ ಎಂಬ ಊರಿದೆ. ಅಲ್ಲಿ 1970ರ ದಶಕದ ಆರಂಭದಿಂದ ಮಕ್ಕಳ ತೂಕ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳನ್ನು ಅಳೆದು ಬರೆದಿಡುತ್ತಾ ಬಂದರು. ಆ ಊರಿನವರಲ್ಲಿ ಮುಂದೆ ಹೆಚ್ಚಾಗಿ ಅಪಘಾತಗಳಲ್ಲಿ ತೀರಿಕೊಂಡ, 2ರಿಂದ 39 ವರ್ಷದೊಳಗಿನ 204 ಮಂದಿಯ ಶವಪರೀಕ್ಷೆಯ ವಿವರಗಳು 1998ರಲ್ಲಿ ಪ್ರಕಟವಾದವು. ಅವರಲ್ಲಿ ಮೊದಲೇ ಅಳೆಸಿಕೊಂಡಿದ್ದ 93 ಮಂದಿಯಲ್ಲಿ ಯಾರ ತೂಕ, ಒತ್ತಡ, ಕೊಬ್ಬಿನ ಅಂಕಿಗಳು ಹೆಚ್ಚಿದ್ದವೋ ಅವರ ರಕ್ತನಾಳಗಳ ಒಳಗೋಡೆಯ ಮೇಲೆ ಕೊಬ್ಬಿನ ಗೆರೆಗಳೂ ಹೆಚ್ಚಾಗಿದ್ದವು. ಅವರಲ್ಲಿ ಮೀಸೆ ಮೂಡದ ಮಕ್ಕಳೂ ಇದ್ದರು. 2008ರಲ್ಲಿ ಕನ್ಸಾಸ್ ಸಿಟಿಯ ವೈದ್ಯರು, ಸ್ಥೂಲಕಾಯ ಅಥವಾ ಕೊಲೆಸ್ಟರಾಲ್ ಏರುಪೇರಿದ್ದ 70 ಮಕ್ಕಳ ಕುತ್ತಿಗೆಯ ರಕ್ತನಾಳವನ್ನು ಸ್ಕ್ಯಾನ್ ಮಾಡಿ, ಆ ಗೋಡೆಯ ದಪ್ಪ 45 ವರ್ಷದವರಿಗೆ ಸಮನಾಗಿದೆ ಎಂದರು. ಛತ್ರದಲ್ಲಿ ನಾನು ಕುತ್ತಿಗೆಯನ್ನು ಹೊರಗಿನಿಂದ ನೋಡಿದ್ದೆ, ಅವರು ಒಳಗಿನಿಂದ ನೋಡಿದ್ದರು, ಅಷ್ಟೇ ವ್ಯತ್ಯಾಸ.

ಹೃದಯದ ಮಟ್ಟಿಗೆ ಇದರಲ್ಲಿ ರಹಸ್ಯವೇನೂ ಇಲ್ಲ. ದೊಡ್ಡ ದೇಹಕ್ಕೆ ಹೆಚ್ಚು ರಕ್ತ ತಲುಪಿಸಬೇಕು, ಅದನ್ನೂ ಏರಿದ ಒತ್ತಡದ ಎದುರು ತಳ್ಳಬೇಕು. ಮೂಟೆ ಹೊರುವವನ ತೋಳಿನಂತೆ ಎಡ ಕೋಣೆಯ ಗೋಡೆ ದಪ್ಪವಾಗುತ್ತದೆ. ತೋಳು ದಪ್ಪವಾದರೆ ಚೆಂದ. ಹೃದಯದ ಗೋಡೆ ದಪ್ಪವಾದರೆ ಅದು ಬಿಗಿಯಾಗಿ, ಸಡಿಲಗೊಂಡು ರಕ್ತ ತುಂಬಿಕೊಳ್ಳುವುದನ್ನೇ ಮರೆಯತೊಡಗುತ್ತದೆ. ಇದಾವುದೂ ನೋಯುವುದಿಲ್ಲ. ಹುಡುಗ ನಗುತ್ತಾ, ಓಡುತ್ತಾ, ಸ್ವಲ್ಪ ಬೇಗ ದಣಿಯುತ್ತಾ ಇರುತ್ತಾನೆ, ಮನೆಯವರು ಎತ್ತರಕ್ಕೆ ಕಾಯುತ್ತಾ ಇರುತ್ತಾರೆ.

ಚಿಕ್ಕಮ್ಮನಿಗೆ ಈ ಪರಿ ಉಣಿಸುವ ಹಟ ಏಕೆಂದರೆ, ಹುಡುಗ ಹುಟ್ಟಿದಾಗ ಎರಡು ಕಿಲೋ ಇನ್ನೂರು ಗ್ರಾಂ ಇದ್ದ. "ಅಂಗೈಯಲ್ಲಿ ಹಿಡಿಯೋ ಹಾಗಿದ್ದ" ಎಂದು ಇಂದಿಗೂ ಕಣ್ಣೊರೆಸಿಕೊಳ್ಳುತ್ತಾರೆ. ಆ ಅಳುವಿನಲ್ಲಿ ಸುಳ್ಳಿಲ್ಲ. ಆದರೆ ನನ್ನ ತಕರಾರು ಇಲ್ಲಿಯೇ ಗಟ್ಟಿಯಾಗುವುದು, ಮತ್ತು ಇದರ ಸಾಕ್ಷ್ಯ ನಮ್ಮ ಮೈಸೂರಿನದೇ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲಿಸಿಟ್ಟಿದ್ದರು. 1954ರವರೆಗಿನ ಆ ದಾಖಲೆಗಳನ್ನು ಹಿಡಿದು, ಊರಿನಲ್ಲೇ ಉಳಿದಿದ್ದ 517 ಜನರನ್ನು ಪತ್ತೆ ಮಾಡಿ ಪರೀಕ್ಷಿಸಿದ ಅಧ್ಯಯನವೊಂದು 1996ರಲ್ಲಿ ಹೊರಬಂತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ನಡುವಯಸ್ಸಿನ ಹೃದ್ರೋಗ ಹೆಚ್ಚು ಕಂಡಿತ್ತು. 1953ರಲ್ಲಿ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ನಮ್ಮ ಚಿಕ್ಕಮ್ಮನ ತೂಕವೂ ಆ ಪುಸ್ತಕದಲ್ಲಿ ಎಲ್ಲೋ ಇರಬೇಕು. ದೆಹಲಿಯಲ್ಲಿ 1969ರಿಂದ 72ರವರೆಗೆ ಹುಟ್ಟಿದ ಸುಮಾರು ಒಂದೂವರೆ ಸಾವಿರ ಮಂದಿಯನ್ನು ಗಮನಿಸುತ್ತಾ ಬಂದ ಇನ್ನೊಂದು ಅಧ್ಯಯನ ಇದರ ಮುಂದಿನ ಕಥೆಯನ್ನು ಹೇಳಿತು: ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಓರಗೆಯವರಿಗಿಂತ ವೇಗವಾಗಿ ಮೈ ತುಂಬಿಕೊಂಡವರಲ್ಲೇ ಮೂವತ್ತರ ಆಸುಪಾಸಿಗೆ ಸಕ್ಕರೆಯ ತೊಂದರೆ ಹೆಚ್ಚು ಕಾಣಿಸಿತು. ಅಂದರೆ ಬಡಕಲಾಗಿ ಹುಟ್ಟಿತೆಂದು ನಾವು ಯಾವ ಮಗುವಿಗೆ ಅತಿಯಾಗಿ ತುರುಕುತ್ತೇವೋ, ಆ ತುರುಕುವಿಕೆಯನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ ಇರುವುದೂ ಆ ಮಗುವಿಗೇ.

ಇದಕ್ಕೆ ಬರುವ ಉತ್ತರ ನನಗೆ ಬಾಯಿಪಾಠವಾಗಿದೆ. "ಪುನೀತ್ ಅಷ್ಟು ವ್ಯಾಯಾಮ ಮಾಡ್ತಿದ್ರು, ನಲವತ್ತಾರಕ್ಕೇ ಹೋಗ್ಲಿಲ್ವಾ?" ಹೌದು, ಹೋದರು, ಆ ದಿನ ನಾನೂ ಅತ್ತಿದ್ದೇನೆ. ಆದರೆ ಹೆಲ್ಮೆಟ್ ಹಾಕಿಕೊಂಡವರೊಬ್ಬರು ಸತ್ತರೆಂದು ಹೆಲ್ಮೆಟ್ ಎಸೆಯುವ ತರ್ಕವಿದು, ಇದಕ್ಕಿಂತ ಹೆಚ್ಚಿನ ಮರ್ಯಾದೆ ಇದಕ್ಕೆ ಬೇಡ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಇದೇ ನೆಂಟರು ಕೋವಿಡ್ ಲಸಿಕೆಯನ್ನು ಬೈಯುವ ಸಂದೇಶಗಳನ್ನು ದಿನಕ್ಕೆ ಹತ್ತು ಕಳುಹಿಸಿದರು, ಜಯದೇವದ ಮುಂದೆ ಸರತಿಯಲ್ಲಿ ನಿಂತರು. ತಜ್ಞರ ಸಮಿತಿ ಲಸಿಕೆಗೂ ಇದಕ್ಕೂ ಸಂಬಂಧವಿಲ್ಲವೆಂದ ಮೇಲೆ ಗುಂಪು ತಣ್ಣಗಾಯಿತು. ಆ ಸರತಿಯಲ್ಲಿ ನಿಂತ ಒಬ್ಬರೂ ತಮ್ಮ ಮನೆಯ ಒಂಬತ್ತು ವರ್ಷದವನ ರಕ್ತದೊತ್ತಡ ನೋಡಿಸಿದ್ದನ್ನು ನಾನು ಕೇಳಿಲ್ಲ.

ಚಿಕ್ಕಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದನ್ನೂ ಒಪ್ಪಬೇಕು. ಫಿನ್ಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳ ನಾಲ್ಕು ಅಧ್ಯಯನಗಳ 6,328 ಜನರ ವಿವರಗಳನ್ನು ಒಟ್ಟು ಮಾಡಿ 2011ರಲ್ಲಿ ನೋಡಿದಾಗ, ಬಾಲ್ಯದಲ್ಲಿ ದಪ್ಪಗಿದ್ದು ದೊಡ್ಡವರಾಗುವಷ್ಟರಲ್ಲಿ ತೂಕ ಇಳಿಸಿಕೊಂಡವರ ಅಪಾಯ, ಎಂದೂ ದಪ್ಪಗಿರದವರ ಅಪಾಯಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಇಳಿದರೆ ಒಳ್ಳೆಯದು, ತುಂಬಾ ಒಳ್ಳೆಯದು. ಆದರೆ "ಇಳಿಯತ್ತೆ" ಎಂದು ಹೇಳುತ್ತಾ ಮೂರನೆಯ ಹೋಳಿಗೆಗೆ ತುಪ್ಪ ಸುರಿದರೆ ಅದು ಯಾವ ದಾರಿಯಲ್ಲಿ ಇಳಿಯಬೇಕು?

ಬೇರೆಯವರನ್ನು ಇಷ್ಟು ಬೈದವನು ತನ್ನದನ್ನೂ ಹೇಳಿಬಿಡುವುದು ಮೇಲು. ಸ್ಟೆಂಟ್ ಬಿದ್ದ ಮೇಲೆ ದಿನವೂ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತಿದ್ದೆ. ಆ ಎಷ್ಟೋ ಸಂಜೆಗಳಲ್ಲಿ ನನ್ನ ಮಗಳು ಕಾರಿನಲ್ಲಿ ಕುಳಿತು, ನಾನೇ ಕೊಡಿಸಿದ ಚಿಪ್ಸ್ ತಿನ್ನುತ್ತಾ ಮೊಬೈಲ್ ನೋಡುತ್ತಿದ್ದಳು. ಅವಳ ರಕ್ತದೊತ್ತಡವನ್ನು ಮೊದಲ ಸಲ ನೋಡಿಸಿದ್ದು ಅವಳಿಗೆ ಹದಿಮೂರು ತುಂಬಿದ ಮೇಲೆ. ಸರಿಯಾಗಿತ್ತು, ಅದು ನನ್ನ ಪುಣ್ಯ, ಬುದ್ಧಿಯಲ್ಲ. ಮಕ್ಕಳಿಗೆ ಮೂರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ಒತ್ತಡ ನೋಡಬೇಕು, ತೋಳಿನ ಅಳತೆಗೆ ತಕ್ಕ ಪಟ್ಟಿಯನ್ನೇ ಕಟ್ಟಬೇಕು ಎಂಬುದು ನನಗೆ ತಿಳಿದದ್ದೂ ಆಗಲೇ.

ಆದ್ದರಿಂದ ಊಟದ ಮೊದಲು ಹುಡುಗನ ತಾಯಿಯನ್ನು ಪಕ್ಕಕ್ಕೆ ಕರೆದು, ಅವನ ಬಿಪಿ ನೋಡಿಸಿದ್ದೀಯಾ ಎಂದು ಕೇಳಿದೆ. "ಮಕ್ಕಳಿಗೂ ಬಿಪಿ ನೋಡ್ತಾರಾ ಅಣ್ಣ?" ಎಂದವಳು ಒಂದು ಕ್ಷಣ ಸುಮ್ಮನಿದ್ದು, "ಶನಿವಾರ ಕರ್ಕೊಂಡು ಹೋಗ್ತೀನಿ" ಎಂದಳು. ಅಷ್ಟರಲ್ಲಿ ವಟು ಭಿಕ್ಷೆಗೆ ಹೊರಟಿದ್ದ. "ಭವತಿ ಭಿಕ್ಷಾಂ ದೇಹಿ" ಎಂದು ಒಂದೊಂದು ಸಲ ಹೇಳಿದಾಗಲೂ ಅತ್ತೆಯರು, ಚಿಕ್ಕಮ್ಮಂದಿರು ಲಾಡು, ಚಾಕೊಲೇಟ್‌ಗಳನ್ನು ಹಾಕುತ್ತಾ ಹೋದರು. ಅಕ್ಕಿ ಕಾಣದಷ್ಟು ತುಂಬಿತು.

ಸಂಜೆ ಮನೆಗೆ ಹೋದ ಮೇಲೆ ಚಿಕ್ಕಮ್ಮ ಹುಡುಗನಿಗೆ ಉಪ್ಪು, ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆದರಂತೆ. ಯಾರ ದೃಷ್ಟಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇರಲಿ, ಅಷ್ಟು ಉಪ್ಪಾದರೂ ಅವನ ತಟ್ಟೆಗೆ ಬೀಳದೆ ಒಲೆಗೆ ಬಿತ್ತಲ್ಲ. ಚಿಕ್ಕಮ್ಮ ಫೇಸ್‌ಬುಕ್‌ನಲ್ಲಿ ಇಲ್ಲ. ಇದನ್ನು ಅವರಿಗೆ ಓದಿ ಹೇಳಲಿರುವ ನೆಂಟರು ಪೂರ್ತಿ ಓದಿ ಹೇಳಬೇಕಾಗಿ ವಿನಂತಿ.