ರೀಡಿಂಗ್ ಹೊಂದಿಸೋದು ಬಿಡೋಣ

ಗುರುತ್ವ ಅಲೆ, ಅಂದರೆ ಭಾರೀ ಕಾಯಗಳು ಸುತ್ತಿದಾಗ, ಡಿಕ್ಕಿಯಾದಾಗ ಜಾಗವೇ ಹಿಗ್ಗಿ ಕುಗ್ಗಿ ಏಳುವ ಅಲೆ. ಈ ಹೆಸರು ಹೇಳಿದ ತಕ್ಷಣ ಎಲ್ಲರೂ ಐನ್‌ಸ್ಟೈನ್ ಹೆಸರು ಹೇಳುತ್ತಾರೆ, 1916ರಲ್ಲೇ ಹೇಳಿಬಿಟ್ಟಿದ್ದರು ಅನ್ನುತ್ತಾರೆ, ಎರಡು ಕಪ್ಪುಕುಳಿ ಗಿರಗಿರ ಸುತ್ತುವ ಒಂದು ಅನಿಮೇಷನ್ ಹಂಚಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ನನಗೆ ಅದಕ್ಕಿಂತ ಕಾಗೆಗಳ ಕಥೆ ಇಷ್ಟ. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಈ ಅಲೆ ಹಿಡಿಯುವ ಲೈಗೋದ ಎರಡು ಡಿಟೆಕ್ಟರುಗಳಲ್ಲಿ ಒಂದು ಇದೆ. 2017ರ ಬೇಸಿಗೆಯಲ್ಲಿ ಅದರ ಡೇಟಾದಲ್ಲಿ ಆಗಾಗ ತಲೆಬುಡ ಗೊತ್ತಾಗದ ಸಣ್ಣ ಸಣ್ಣ ಸದ್ದು ಕಾಣಿಸಿಕೊಳ್ಳುತ್ತಿತ್ತು. ಹುಡುಕುತ್ತಾ ಹೋದರೆ, ಕಟ್ಟಡದ ಹೊರಗೆ ದ್ರವ ಸಾರಜನಕದ ಪೈಪಿನ ಮೇಲೆ ಕಟ್ಟಿದ್ದ ಐಸನ್ನು ಅಲ್ಲಿನ ದೊಡ್ಡ ಜಾತಿಯ ಕಾಗೆಗಳು ಬಂದು ಕುಕ್ಕುತ್ತಿದ್ದವು. ಐಸ್ ಮೇಲೆ ಕೊಕ್ಕಿನ ಗುರುತೂ ಸಿಕ್ಕಿತು.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಜಿಕ್ಸ್ ಪಾಠ ಮಾಡುವವನು. ಈ ಕಥೆ ಯಾಕೆ ಇಷ್ಟ ಅಂದರೆ, ನಮ್ಮ ಲ್ಯಾಬುಗಳಲ್ಲಿ ಇಂಥ ಕಾಗೆಯನ್ನು ಯಾರೂ ಹುಡುಕುವುದಿಲ್ಲ. ಹುಡುಕುವುದಕ್ಕೆ ಟೈಮೂ ಕೊಡುವುದಿಲ್ಲ.

ಮೊದಲು ಆ ಉಪಕರಣದ ಬಗ್ಗೆ ಎರಡು ಮಾತು. ಎಲ್ ಆಕಾರದಲ್ಲಿ ಎರಡು ಕೊಳವೆ, ಒಂದೊಂದೂ 4 ಕಿಲೋಮೀಟರ್ ಉದ್ದ. ಒಳಗೆ ಗಾಳಿಯೇ ಇಲ್ಲ ಅನ್ನಬಹುದಾದ ಖಾಲಿ. ಒಂದೇ ಲೇಸರ್ ಬೆಳಕನ್ನು ಸೀಳಿ ಎರಡೂ ಕಡೆ ಕಳಿಸುತ್ತಾರೆ, ಕೊನೆಯಲ್ಲಿರುವ ಕನ್ನಡಿಗೆ ತಾಗಿ ವಾಪಸ್ ಬಂದ ಬೆಳಕನ್ನು ಮತ್ತೆ ಸೇರಿಸಿ ನೋಡುತ್ತಾರೆ. ನಮ್ಮ ಬಿಎಸ್ಸಿ ಹುಡುಗರು ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಅಂತ ಓದುತ್ತಾರಲ್ಲ, ಅದೇ ಸಂಗತಿ. ಗುರುತ್ವ ಅಲೆ ಹಾದುಹೋದರೆ ಒಂದು ತೋಳು ಚೂರು ಉದ್ದವಾಗಿ ಇನ್ನೊಂದು ಚೂರು ಗಿಡ್ಡವಾಗುತ್ತದೆ. ಚೂರು ಅಂದರೆ ಎಷ್ಟು? 2015ರ ಸೆಪ್ಟೆಂಬರ್ 14ರಂದು ಮೊದಲ ಸಲ ಸಿಕ್ಕಿದ ಅಲೆಗೆ ಆ 4 ಕಿಲೋಮೀಟರ್‌ನಲ್ಲಿ ಆದ ವ್ಯತ್ಯಾಸ ಒಂದು ಪ್ರೋಟಾನಿನ ಅಗಲದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಸಣ್ಣದನ್ನು ಅಳೆಯಲು ಹೊರಟಾಗ ಲೋಕದಲ್ಲಿ ಇರುವುದೆಲ್ಲ ತೊಂದರೆಯೇ. ದೂರದ ಸಮುದ್ರದ ಅಲೆ ದಡಕ್ಕೆ ಬಡಿಯುವುದು, ರೈಲು ಹೋಗುವುದು, ಯಾರೋ ಕಾಡಿನಲ್ಲಿ ಮರ ಕೆಡವುವುದು, ಕನ್ನಡಿಯೊಳಗಿನ ಅಣುಗಳು ಸುಮ್ನೆ ಬಿಸಿಗೆ ನಡುಗುವುದು, ಅಷ್ಟೇ ಏಕೆ, ಲೇಸರ್ ಬೆಳಕಿನ ಕಣಗಳು ಒಂದೇ ಸಮನೆ ಬಂದು ಬೀಳದಿರುವುದೂ ತೊಂದರೆ. 40 ಕಿಲೋ ತೂಕದ ಕನ್ನಡಿಯನ್ನು ಅರ್ಧ ಮಿಲಿಮೀಟರಿಗಿಂತ ತೆಳ್ಳಗಿರುವ ಗಾಜಿನ ಎಳೆಗಳಲ್ಲಿ ನೇತುಹಾಕಿದ್ದಾರೆ, ನಾಲ್ಕು ಹಂತದ ಲೋಲಕದ ಕೊನೆಗೆ. ಆ ಎಳೆಗಳೂ ಮಿಡಿಯುತ್ತವೆ, ಅದೂ ಡೇಟಾದಲ್ಲಿ 500 ಹರ್ಟ್ಸ್ ಆಸುಪಾಸು ಗೆರೆಯಾಗಿ ಕಾಣುತ್ತದೆ. 60 ಹರ್ಟ್ಸ್‌ನಲ್ಲಿ ಇನ್ನೊಂದು ಗೆರೆ, ಅದು ಅಮೆರಿಕದ ಕರೆಂಟಿನ ಗುಂಯ್. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಾಗಾಗಿ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಹತ್ತಿರ ಬರಲಿರುವ ಲೈಗೋ-ಇಂಡಿಯಾದವರು ಗುದ್ದಾಡಬೇಕಾದ ಗೆರೆ ಬೇರೆ.

ಇನ್ನು ನಮ್ಮ ಲ್ಯಾಬ್. ಮೊದಲ ವರ್ಷದ ಒಬ್ಬಳು ಹುಡುಗಿ ಬಾರ್ ಪೆಂಡುಲಮ್‌ನಲ್ಲಿ g, ಅಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ, ಕಂಡುಹಿಡಿಯುತ್ತಿದ್ದಳು. ಬರಬೇಕಾದದ್ದು 9.8, ಗ್ರಾಫ್ ಎಳೆದು ಲೆಕ್ಕ ಹಾಕಿದರೆ 9.5 ಬಂತು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: "ಸಾರ್, ರೆಕಾರ್ಡಿಗೆ ಯಾವುದು ಬರೀಲಿ? ಬಂದಿದ್ದಾ, ಬರಬೇಕಾಗಿದ್ದಾ?"

ಈ ಪ್ರಶ್ನೆಯನ್ನು ಅವಳು ಮನೆಯಿಂದ ತಂದದ್ದಲ್ಲ. ಪಿಯುಸಿಯಿಂದ ನಾವೇ ಕಲಿಸಿದ್ದು. ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಹಾಕುವುದು, ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಸ್ಟಾಪ್‌ವಾಚ್ ಟೈಮ್ ಬರೆಯುವುದು, ಎಕ್ಸ್‌ಟರ್ನಲ್ ಬಂದಾಗ 9.8 ಇದ್ದರೆ ಮಾರ್ಕ್ಸು, ಇಲ್ಲದಿದ್ದರೆ "ಏನಮ್ಮ ಇದು?" ಅಂತ ಒಂದು ನೋಟ. ಅವತ್ತು ನಾವಿಬ್ಬರೂ ಹೋಗಿ ಪೆಂಡುಲಮ್ ನೋಡಿದೆವು. ಗೋಡೆಯ ಬ್ರಾಕೆಟ್ಟಿನ ಒಂದು ಸ್ಕ್ರೂ ಸಡಿಲವಾಗಿತ್ತು. ಬಾರ್ ಆಡಿದಾಗ ಬ್ರಾಕೆಟ್ಟೂ ಅದರ ಜೊತೆ ಒಂಚೂರು ಆಡುತ್ತಿತ್ತು, ಬೆರಳಿಟ್ಟರೆ ಗೊತ್ತಾಗುವಷ್ಟು. ಆಧಾರವೇ ಅಲ್ಲಾಡಿದರೆ ಒಂದು ಆಂದೋಲನಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ, g ಕಡಿಮೆ ಬರುತ್ತದೆ. ಅವಳ ರೀಡಿಂಗ್ ಸರಿಯಾಗಿಯೇ ಇತ್ತು. ಅದಕ್ಕೂ ಮುಂಚೆ ಅದೇ ಬ್ರಾಕೆಟ್ಟಿನಲ್ಲಿ ಎಷ್ಟು ಜನ 9.8 ತಂದು ರೆಕಾರ್ಡಿಗೆ ಸೈನ್ ಹಾಕಿಸಿಕೊಂಡಿದ್ದಾರೋ, ದೇವರೇ ಬಲ್ಲ.

ಗುರುತ್ವ ಅಲೆ ಹುಡುಕುವವರಿಗೆ ಈ ಪಾಠ ಬಹಳ ದುಬಾರಿಯಾಗಿ ಸಿಕ್ಕಿತು. 1960ರ ದಶಕದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋಸೆಫ್ ವೆಬರ್ ದೊಡ್ಡ ಅಲ್ಯೂಮಿನಿಯಂ ದಿಂಡುಗಳನ್ನು ನೇತುಹಾಕಿ, ಅಲೆ ಬಂದರೆ ಅವು ಮಿಡಿಯುತ್ತವೆ ಅಂತ ಕಾದರು. 1969ರಲ್ಲಿ ಸಿಕ್ಕಿತು ಅಂದರು. ಬೇರೆಯವರೂ ದಿಂಡು ಮಾಡಿ ನೋಡಿದರು, ಯಾರಿಗೂ ಏನೂ ಸಿಗಲಿಲ್ಲ. ಒಂದು ಸಲವಂತೂ ವೆಬರ್ ತಮ್ಮ ಡೇಟಾಕ್ಕೂ ರೋಚೆಸ್ಟರ್‌ನ ಇನ್ನೊಂದು ಗುಂಪಿನ ಡೇಟಾಕ್ಕೂ ಒಂದೇ ಹೊತ್ತಿಗೆ ತಾಳೆಯಾಗುವ ಮಿಡಿತಗಳಿವೆ ಅಂದರು. ಆಮೇಲೆ ನೋಡಿದರೆ ಎರಡು ಕಡೆಯ ಗಡಿಯಾರಗಳಿಗೆ 4 ಗಂಟೆ ವ್ಯತ್ಯಾಸ! ಒಬ್ಬರದು ಗ್ರೀನಿಚ್ ಟೈಮು, ಇನ್ನೊಬ್ಬರದು ಅಮೆರಿಕದ ಟೈಮು. ನಾಲ್ಕು ಗಂಟೆ ಆಚೀಚೆ ಇದ್ದರೂ ತಾಳೆ ಸಿಕ್ಕಿತು ಅಂದರೆ ಏನರ್ಥ? ಹುಡುಕಿಯೇ ತೀರುತ್ತೇನೆ ಅಂತ ಕೂತವರಿಗೆ ಗದ್ದಲದಲ್ಲಿ ಏನು ಬೇಕಾದರೂ ಸಿಗುತ್ತದೆ. ವೆಬರ್ ಮೋಸಗಾರರಲ್ಲ, ಈ ಕ್ಷೇತ್ರವನ್ನು ಶುರು ಮಾಡಿದ್ದೇ ಅವರು. ಆದರೆ ಆ ಕಹಿ ನೆನಪು ಮುಂದಿನವರನ್ನು ವಿಪರೀತ ಹುಷಾರು ಮಾಡಿತು.

ಎಷ್ಟು ಹುಷಾರು ಅಂದರೆ, 2010ರ ಸೆಪ್ಟೆಂಬರ್ 16ರಂದು ಲೈಗೋದಲ್ಲಿ ಚೆನ್ನಾದ ಒಂದು ಸಿಗ್ನಲ್ ಬಂತು. ದಿಕ್ಕು ಮಹಾಶ್ವಾನ ನಕ್ಷತ್ರಪುಂಜದ ಕಡೆ ಅಂತ ಅಂದಾಜಾಗಿದ್ದರಿಂದ ಅದಕ್ಕೆ 'ಬಿಗ್ ಡಾಗ್' ಅಂತಲೇ ಹೆಸರಾಯಿತು. ನೂರಾರು ಜನ ತಿಂಗಳುಗಟ್ಟಲೆ ಕೂತು ಲೆಕ್ಕ ಹಾಕಿದರು, ಪ್ರಕಟಿಸಲು ಪೇಪರ್ ಕೂಡ ಬರೆದಿಟ್ಟರು. 2011ರ ಮಾರ್ಚ್‌ನಲ್ಲಿ ಎಲ್ಲರೂ ಸೇರಿದ ಸಭೆಯಲ್ಲಿ ಲಕೋಟೆ ಒಡೆದರು. ಅದು ತಮ್ಮವರೇ ಕೆಲವರು ಗುಟ್ಟಾಗಿ ಒಳಗೆ ಸೇರಿಸಿದ್ದ ನಕಲಿ ಸಿಗ್ನಲ್. ಹೀಗೆ ಮಾಡಬಹುದು ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು, ಯಾವಾಗ ಅಂತ ಮಾತ್ರ ಗೊತ್ತಿರಲಿಲ್ಲ. ಯೋಚನೆ ಮಾಡಿ, ನಮ್ಮಲ್ಲಿ ಯಾವುದಾದರೂ ಡಿಪಾರ್ಟ್‌ಮೆಂಟಿನಲ್ಲಿ ಹೀಗೆ ಮಾಡಿದರೆ ಮಾರನೇ ದಿನ ಪ್ರಿನ್ಸಿಪಾಲರಿಗೆ ಕಂಪ್ಲೇಂಟ್ ಹೋಗಿರುತ್ತದೆ. ಹಾಗಾಗಿ 2015ರಲ್ಲಿ ನಿಜವಾದದ್ದು ಬಂದಾಗ ಅವರು ಮೊದಲು ಕೇಳಿದ್ದೇ ಇದು: ಈ ಸಲವೂ ಯಾರಾದರೂ ಸೇರಿಸಿದ್ದೀರಾ?

ಸೇರಿಸಿರಲಿಲ್ಲ. ಲೂಸಿಯಾನಾದ ಲಿವಿಂಗ್‌ಸ್ಟನ್‌ನಲ್ಲಿ ಮೊದಲು, 3000 ಕಿಲೋಮೀಟರ್ ದೂರದ ಹ್ಯಾನ್‌ಫರ್ಡ್‌ನಲ್ಲಿ ಸುಮಾರು 7 ಮಿಲಿಸೆಕೆಂಡ್ ಆದಮೇಲೆ, ಅದೇ ಆಕಾರ. ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಅಷ್ಟೇ. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದಾಗಿದ್ದವು. ಇದು ಕಾಕತಾಳೀಯ ಅಲ್ಲ ಅಂತ ತೋರಿಸಲು ಅವರು ಹೂಡಿದ ಉಪಾಯ ನನಗೆ ಬಹಳ ಹಿಡಿಸಿತು. ಒಂದು ಡಿಟೆಕ್ಟರಿನ ಡೇಟಾವನ್ನು ಬೇಕೆಂದೇ ಕೆಲವು ಸೆಕೆಂಡು ಸರಿಸಿ, ಇನ್ನೊಂದರ ಪಕ್ಕ ಇಡುವುದು. ಈಗ ನಿಜವಾದ ಅಲೆ ಎರಡರಲ್ಲೂ ಒಟ್ಟಿಗೆ ಬರುವುದು ಸಾಧ್ಯವೇ ಇಲ್ಲ, ತಾಳೆಯಾಗಿದ್ದೆಲ್ಲ ಸುಳ್ಳು. ಹೀಗೆ ಬೇರೆ ಬೇರೆ ಅಂತರಕ್ಕೆ ಸರಿಸಿ ಸರಿಸಿ ಎಣಿಸಿದರು. ಇಷ್ಟು ಜೋರಾದ ಸುಳ್ಳು ತಾಳೆ 2 ಲಕ್ಷ 3 ಸಾವಿರ ವರ್ಷಕ್ಕೆ ಒಂದಕ್ಕಿಂತ ಕಡಿಮೆ ಅಂತ ಬಂತು. ವೆಬರ್ ಕಾಲದ ಆ ನಾಲ್ಕು ಗಂಟೆಯ ಎಡವಟ್ಟನ್ನು ಇವರು ಬೇಕೆಂದೇ ಮಾಡಿ, ಅದನ್ನೇ ಅಳತೆಗೋಲು ಮಾಡಿಕೊಂಡರು ಅನಿಸುತ್ತದೆ ನನಗೆ.

ಹುಡುಕುವ ವಿಧಾನದ ಬಗ್ಗೆ ಹೇಳುವುದಾದರೆ ನಮ್ಮವರ ಹೆಸರು ಬರಲೇಬೇಕು. ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ನಡೆಯುವಾಗ ಕಿವಿಗಡಚಿಕ್ಕುವ ಕೂಗಾಟ ಇರುತ್ತದೆ, ಆದರೂ ರೈತನಿಗೆ ತನ್ನ ಲಾಟಿನ ರೇಟು ಕೂಗಿದ್ದು ಕೇಳಿಸಿಬಿಡುತ್ತದೆ, ಯಾಕೆಂದರೆ ಯಾವ ಮಾತಿಗೆ ಕಾಯಬೇಕು ಅಂತ ಅವನಿಗೆ ಗೊತ್ತು. ಮ್ಯಾಚ್ಡ್ ಫಿಲ್ಟರಿಂಗ್ ಅಂದರೆ ಹೆಚ್ಚುಕಡಿಮೆ ಇದೇ. ಬರಬಹುದಾದ ಅಲೆಗಳ ಆಕಾರವನ್ನು ಮೊದಲೇ ಲೆಕ್ಕ ಹಾಕಿ, ಸಾವಿರಾರು ನಮೂನೆ ಇಟ್ಟುಕೊಂಡು, ಒಂದೊಂದನ್ನೂ ಡೇಟಾದ ಮೇಲೆ ಓಡಿಸಿ ನೋಡುವುದು. ಎಷ್ಟು ನಮೂನೆ ಬೇಕು, ಹೇಗೆ ಆರಿಸಬೇಕು ಅನ್ನುವುದಕ್ಕೆ ಪುಣೆಯಲ್ಲಿ ಸಂಜೀವ ಧುರಂಧರ್ ಮತ್ತು ಸತ್ಯಪ್ರಕಾಶ್ 1991ರಲ್ಲೇ ದಾರಿ ಹಾಕಿದ್ದರು. ಆ ಆಕಾರಗಳ ಕಷ್ಟದ ಗಣಿತದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಅವರ ದುಡಿಮೆ ಇದೆ. ಕಪ್ಪುಕುಳಿಯನ್ನು ಕೆಣಕಿದರೆ ಅದು ಮಿಡಿದು ಬೇಗ ಸುಮ್ಮನಾಗುತ್ತದೆ ಅಂತ 1970ರಲ್ಲಿ ತೋರಿಸಿದವರು ನಮ್ಮ ಸಿ.ವಿ. ವಿಶ್ವೇಶ್ವರ, ಬೆಂಗಳೂರಿನ ನೆಹರೂ ತಾರಾಲಯ ಕಟ್ಟಿ ಬೆಳೆಸಿದವರು. 2017ರ ಜನವರಿಯಲ್ಲಿ ಅವರು ತೀರಿಕೊಂಡರು, ಮೊದಲ ಅಲೆಯ ಸುದ್ದಿ ಕೇಳಿದಮೇಲೆ. 2025ರ ಜನವರಿ 14ರಂದು ಬಂದ ಬಹಳ ಜೋರಾದ ಸಿಗ್ನಲ್‌ನಲ್ಲಿ ಆ ಮಿಡಿತ ಸ್ಪಷ್ಟವಾಗಿ ಕಂಡಿತು. ಇನ್ನೊಂದು ಮಾತು, 2015ರಲ್ಲಿ ಮೊದಲು ಎಚ್ಚರಿಕೆ ಕೊಟ್ಟದ್ದು ನಮೂನೆ ಬಳಸುವ ಪ್ರೋಗ್ರಾಂ ಅಲ್ಲ. ಯಾವುದೇ ನಿರೀಕ್ಷೆ ಇಲ್ಲದೆ, ಎರಡೂ ಕಡೆ ಏನಾದರೂ ಒಟ್ಟಿಗೆ ಎದ್ದಿದೆಯಾ ಅಂತ ನೋಡುವ ಇನ್ನೊಂದು ಪ್ರೋಗ್ರಾಂ, ಮೂರೇ ನಿಮಿಷದಲ್ಲಿ. ಎರಡೂ ಬೇಕು ಅಲ್ವಾ?

ಇದೆಲ್ಲ ಅಮೆರಿಕದ್ದು, ನಮಗೇನು ಅನ್ನುವವರಿಗೆ ಗೌರಿಬಿದನೂರು ತೋರಿಸುತ್ತೇನೆ. 1960ರ ದಶಕದಿಂದ ಅಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ಇದೆ, ಅದೂ ಎಲ್ ಆಕಾರದಲ್ಲೇ. ಪ್ರಪಂಚದ ಯಾವುದೋ ಮೂಲೆಯಲ್ಲಿ ಅಣು ಪರೀಕ್ಷೆ ನಡೆದರೆ ನೆಲದ ಅಲೆ ಒಂದೊಂದು ಮಾಪಕಕ್ಕೂ ಒಂಚೂರು ಹಿಂದೆ ಮುಂದೆ ತಲುಪುತ್ತದೆ. ಆ ವ್ಯತ್ಯಾಸ ಸರಿಹೊಂದಿಸಿ ಕೂಡಿದರೆ ಅಲೆ ಎದ್ದು ಕಾಣುತ್ತದೆ, ಗದ್ದಲ ಕುಗ್ಗುತ್ತದೆ, ದಿಕ್ಕೂ ಗೊತ್ತಾಗುತ್ತದೆ. ಡಿಟೆಕ್ಟರುಗಳು ದೂರ ದೂರ ಇದ್ದಷ್ಟೂ ದಿಕ್ಕು ಚೆನ್ನಾಗಿ ಸಿಗುತ್ತದೆ ಅನ್ನುವುದಕ್ಕೇ ಹಿಂಗೋಲಿಯ ಯೋಜನೆ, 2023ರಲ್ಲಿ ಕೇಂದ್ರ ಸಂಪುಟ 2600 ಕೋಟಿಗೆ ಒಪ್ಪಿಗೆ ಕೊಟ್ಟದ್ದು. ಇನ್ನು ಕೆಲವರು ಕೆಜಿಎಫ್ ಗಣಿಯಲ್ಲೇ ಒಂದು ಡಿಟೆಕ್ಟರ್ ಹಾಕಬಹುದಿತ್ತು ಅನ್ನುತ್ತಾರೆ, ಜಪಾನಿನ ಕಾಗ್ರಾ ಅನ್ನುವ ಡಿಟೆಕ್ಟರ್ ಗಣಿಯ ಬೆಟ್ಟದೊಳಗೇ ಇದೆಯಲ್ಲ ಅಂತ. 1965ರಲ್ಲಿ ಕೆಜಿಎಫ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನುವ ಸೂಕ್ಷ್ಮ ಕಣಗಳನ್ನು ಹಿಡಿದದ್ದು ನಿಜಕ್ಕೂ ದೊಡ್ಡ ಕೆಲಸ, ನನಗೂ ಹೆಮ್ಮೆ. ಆದರೆ ಬಂಡೆ ಸಿಡಿಯುವುದಕ್ಕೇ ಹೆಸರಾದ, 2001ರಲ್ಲಿ ಮುಚ್ಚಿ ಈಗ ನೀರು ತುಂಬಿರುವ ಗಣಿಯಲ್ಲಿ ಪ್ರೋಟಾನಿಗಿಂತ ಸಣ್ಣ ಅಲುಗಾಟ ಅಳೆಯುತ್ತೇವೆ ಅನ್ನುವುದು ಬರೀ ಅಭಿಮಾನ.

"ಸಾರ್, ನಮ್ಮ ಲ್ಯಾಬಲ್ಲಿ ಸೋಡಿಯಂ ಲ್ಯಾಂಪೇ ಸರಿಯಾಗಿ ಹತ್ತಲ್ಲ, ನೀವು ಲೈಗೋ ಅಂತೀರಲ್ಲ" ಅಂತ ಸಹೋದ್ಯೋಗಿಯೊಬ್ಬರು ನಕ್ಕರು. ಡಿಟೆಕ್ಟರ್ ಕಟ್ಟಿ ಅಂತ ಯಾರು ಹೇಳಿದರು? ಲೈಗೋದ ಡೇಟಾ ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಮೊದಲ ಅಲೆಯ 32 ಸೆಕೆಂಡಿನ ಫೈಲು ಒಂದು ಎಂಬಿ ಆಸುಪಾಸು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಬರುತ್ತದೆ. ಹಳೇ ಲ್ಯಾಪ್‌ಟಾಪ್, ಪೈಥಾನ್, ಒಂದು ಮಧ್ಯಾಹ್ನ ಸಾಕು. ಗದ್ದಲದ ಗೆರೆಗಳನ್ನು ತೆಗೆದು, 35ರಿಂದ 350 ಹರ್ಟ್ಸ್ ಮಾತ್ರ ಉಳಿಸಿದರೆ ಆ ಸಿಗ್ನಲ್ ಕಣ್ಣಿಗೇ ಕಾಣುತ್ತದೆ.

ಮುಂದಿನ ಸೆಮಿಸ್ಟರಿನಲ್ಲಿ ನಾನು ಒಂದು ಕೆಲಸ ಮಾಡುವವನಿದ್ದೇನೆ. ಪ್ರತಿ ಬ್ಯಾಚಿಗೂ ಲೈಗೋ ಗದ್ದಲದ ಒಂದೊಂದು ತುಣುಕು ಕೊಡುತ್ತೇನೆ. ಕೆಲವದರಲ್ಲಿ ನಾನೇ ಒಂದು ನಕಲಿ ಅಲೆ ಸೇರಿಸಿರುತ್ತೇನೆ, ಕೆಲವದರಲ್ಲಿ ಏನೂ ಇರುವುದಿಲ್ಲ. ಯಾರದರಲ್ಲಿ ಇದೆ ಅಂತ ಹೇಳುವುದಿಲ್ಲ, ಅಟೆಂಡರ್‌ಗೂ ಗೊತ್ತಿರುವುದಿಲ್ಲ, ಸೀನಿಯರ್ ರೆಕಾರ್ಡೂ ಉಪಯೋಗಕ್ಕೆ ಬರುವುದಿಲ್ಲ. "ಏನೂ ಸಿಗಲಿಲ್ಲ ಸಾರ್" ಅಂತ ಬರೆದವರಿಗೂ ಪೂರ್ತಿ ಮಾರ್ಕ್ಸು, ಹೇಗೆ ಹುಡುಕಿದಿರಿ ಅಂತ ತೋರಿಸಿದರೆ. ಲ್ಯಾಪ್‌ಟಾಪ್ ಇಲ್ಲದವರು ಇಬ್ಬರು ಮೂವರು ಸೇರಿ ಒಂದರಲ್ಲಿ ಮಾಡಿ. ಯಾರ ಮನೆಯಲ್ಲಾದರೂ ಉಪಯೋಗಿಸದೆ ಇಟ್ಟಿರುವ ಲ್ಯಾಪ್‌ಟಾಪ್ ಇದ್ದರೆ ನನಗೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.