ವೇದಿಕೆಯ ಮೇಲಿನ ಗಣ್ಯರೇ, ಮುಂದಿರುವ ಕುರ್ಚಿಗಳೇ

ಆ ಫೋಟೋ ಈ ವರ್ಷವೂ ಬಂತು. ವೇದಿಕೆ ಮೇಲೆ ಹದಿನೆಂಟು ಜನ, ಕೆಳಗೆ ಐನೂರು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಗಳಲ್ಲಿ ಗಾಳಿ. ಯಾವ ಜಿಲ್ಲೆ, ಯಾವ ಉತ್ಸವ ಎಂದು ಹೇಳುವ ಅಗತ್ಯವಿಲ್ಲ; ನಿಮ್ಮ ಜಿಲ್ಲೆಯದೇ ಅಂದುಕೊಂಡರೂ ನಡೆಯುತ್ತದೆ. ಮರುದಿನ ಸಂಘಟಕರ ವ್ಯಥೆಯೂ ಎಂದಿನಂತೆಯೇ ಅಚ್ಚಾಯಿತು: ಜನರಲ್ಲಿ ಅಭಿರುಚಿ ಉಳಿದಿಲ್ಲ. ಮೊಬೈಲು ಬಂತು, ಧಾರಾವಾಹಿ ಬಂತು, ಐಪಿಎಲ್ಲು ಬಂತು, ಜನ ಕೆಟ್ಟರು.

ಕೆಟ್ಟ ಜನರ ಮಾತು ಆಮೇಲಾಗಲಿ. ಮೊದಲು ಆಹ್ವಾನ ಪತ್ರಿಕೆ ಬಿಡಿಸಿ. ನಾಲ್ಕು ಮಡಿಕೆಯ ಆರ್ಟ್ ಪೇಪರು. ಮೊದಲ ಮಡಿಕೆ ಭಾವಚಿತ್ರಗಳಿಗೆ ಮೀಸಲು. ಮುಂದೆ ಉದ್ಘಾಟನೆ ಉಸ್ತುವಾರಿ ಸಚಿವರು, ಅಧ್ಯಕ್ಷತೆ ಸ್ಥಳೀಯ ಶಾಸಕರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು. ಒಂದು ಹೆಸರು ಬಿಟ್ಟುಹೋದರೂ ಶಿಷ್ಟಾಚಾರ ಉಲ್ಲಂಘನೆ, ಹಕ್ಕುಚ್ಯುತಿಯ ಎಚ್ಚರಿಕೆ. ಕೊನೆಯ ಮಡಿಕೆಯ ಬುಡದಲ್ಲಿ, ಮುದ್ರಣಾಲಯದ ಹೆಸರಿಗಿಂತ ಕೂದಲೆಳೆಯಷ್ಟು ದೊಡ್ಡ ಅಕ್ಷರದಲ್ಲಿ, ‘ನಂತರ ಸಾಂಸ್ಕೃತಿಕ ಕಾರ್ಯಕ್ರಮ’. ಯಾರದು, ಏನು, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಕ್ತಾಯ? ಹೋಗಲೋ ಬೇಡವೋ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕುವವನಿಗೆ ಬೇಕಾದ ಈ ನಾಲ್ಕು ಸಂಗತಿಗಳನ್ನು ಬಿಟ್ಟು ಪತ್ರಿಕೆಯಲ್ಲಿ ಎಲ್ಲವೂ ಇದೆ.

ಸಮಯದ ಲೆಕ್ಕವನ್ನೂ ಹಾಕಿಬಿಡೋಣ. ಪತ್ರಿಕೆ ಪ್ರಕಾರ ಸಂಜೆ 5.30. ಗಣ್ಯರು ಬರುವುದು 6.50ಕ್ಕೆ. ನಾಡಗೀತೆಗೆ 2 ನಿಮಿಷ 30 ಸೆಕೆಂಡು. 2022ರಲ್ಲಿ ಸರ್ಕಾರವೇ ಆದೇಶ ಹೊರಡಿಸಿ ಧಾಟಿಯನ್ನೂ ಅವಧಿಯನ್ನೂ ನಿಗದಿ ಮಾಡಿದೆ. ಇಡೀ ಸಂಜೆಯಲ್ಲಿ ಕಾಲಮಿತಿ ಅಂತ ಇರುವುದು ರಾಷ್ಟ್ರಕವಿಗೊಬ್ಬರಿಗೇ. ಸ್ವಾಗತ ಭಾಷಣಕ್ಕೆ ಅಂಥ ಆದೇಶ ಇಲ್ಲವಾದ್ದರಿಂದ ಇಪ್ಪತ್ತು ನಿಮಿಷ. ಆಮೇಲೆ ಸನ್ಮಾನ. ಶಾಲು, ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಐದು ಐಟಂ, ಐದು ಕ್ಲಿಕ್ಕು, ಪೇಟ ಕಿವಿ ಮೇಲೆ ಜಾರಿತೆಂದು ಮತ್ತೊಂದು ಕ್ಲಿಕ್ಕು. ಒಬ್ಬರಿಗೆ ಮೂರು ನಿಮಿಷ ಹಿಡಿದರೂ ಹದಿನಾರು ಸಾಧಕರಿಗೆ 48 ನಿಮಿಷ. ಭಾಷಣಕಾರರು ಎಂಟು ಜನ, ಎಂಟೂ ಜನರದು ‘ಎರಡೇ ಮಾತು’, ತಲಾ ಹತ್ತು ನಿಮಿಷ. ಕೂಡಿಸಿದರೆ ಗಡಿಯಾರ 9.20 ದಾಟಿತು. ಊರಿನ ಕೊನೆಯ ಸಿಟಿ ಬಸ್ಸು 9.15ಕ್ಕೆ ಹೊರಟಿತು. ಅಭಿರುಚಿಯೂ ಅದರಲ್ಲೇ ಹೋಗಿರಬೇಕು.

ಆದರೆ ಸಂಘಟಕರನ್ನು ಸುಮ್ಮನೆ ಜರೆಯುವಂತಿಲ್ಲ. ಸಭಾಂಗಣ ತುಂಬಿಸುವುದು ಅವರು ಸಿದ್ಧಿಸಿಕೊಂಡ ಅರವತ್ತೈದನೆಯ ವಿದ್ಯೆ. ಹಿಂದಿನ ದಿನ ಪ್ರಾಂಶುಪಾಲರಿಗೆ ಪತ್ರ, ಎನ್ನೆಸ್ಸೆಸ್ ಅಧಿಕಾರಿಗೆ ಫೋನು, ಹಾಸ್ಟೆಲ್ ವಾರ್ಡನ್‌ಗೆ ಮೌಖಿಕ ಸೂಚನೆ, ಎರಡು ಬಸ್ಸು. ನಿಜವಾದ ಚಾತುರ್ಯ ಬೇಕಾಗುವುದು ಪಲಾವ್ ಪೊಟ್ಟಣದ ವಿಚಾರದಲ್ಲಿ. ಮೊದಲೇ ಕೊಟ್ಟರೆ ಹುಡುಗರು ಹಿಂಬಾಗಿಲಿಂದ ಪರಾರಿ. ಕೊನೆಗೆಂದು ಇಟ್ಟುಕೊಂಡರೆ ಪಲಾವು ಹಳಸುತ್ತದೆ. ಅನುಭವಸ್ಥರು ಮುಖ್ಯ ಅತಿಥಿಗಳ ಭಾಷಣ ಮುಗಿದ ಕ್ಷಣಕ್ಕೆ ಸರಿಯಾಗಿ ಹಂಚುತ್ತಾರೆ. ಜನ ಅಷ್ಟಕ್ಕೂ ಸಾಲಲಿಲ್ಲವೋ, ಹಿಂದಿನ ಹತ್ತು ಸಾಲು ಎತ್ತಿಸಿ, ಧ್ವನಿವರ್ಧಕದವರ ಮೇಜನ್ನು ಮುಂದಕ್ಕೆ ಎಳೆಸಿ, ಫೋಟೋದವನನ್ನು ಎಡಮೂಲೆಯಲ್ಲಿ ಮಂಡಿಯೂರಿ ಕೂರಿಸುತ್ತಾರೆ. ಆ ಕೋನದಿಂದ ನಲವತ್ತು ತಲೆ ಜನಸಾಗರ.

ಮುಂದಿನ ಎರಡು ಸಾಲು ಬಿಳಿ ಬಟ್ಟೆ ಹೊದ್ದ ಸೋಫಾ. ಅದು ಗಣ್ಯರದು. ಗಣ್ಯರು ವೇದಿಕೆ ಮೇಲಿರುವಷ್ಟು ಹೊತ್ತು ಅದು ಖಾಲಿ. ಇಳಿದ ಮೇಲೆ ನೇರ ಕಾರಿಗೆ ಹೋಗುತ್ತಾರಾದ್ದರಿಂದ ಆಮೇಲೂ ಖಾಲಿ. ಬಣ್ಣ ಹಚ್ಚಿಕೊಂಡು ಬಂದ ನಟನಿಗೆ ಕಣ್ಣಿಗೆ ಕಣ್ಣು ಕೊಡಲು ಸಿಗುವುದು ಸೋಫಾದ ಹಿಡಿಕೆ. ಆಸೆಪಟ್ಟು ಬಂದ ಮೂರ್ನಾಲ್ಕು ಮುದುಕರು ಮುಂದೆ ಬಂದು ಕೂರಲು ಹೋದರೆ ಕೊರಳಿಗೆ ಟ್ಯಾಗು ಹಾಕಿಕೊಂಡ ಹುಡುಗ ಓಡಿಬರುತ್ತಾನೆ: ‘ಅಜ್ಜಾ, ಅದು ವಿಐಪಿ. ಹಿಂದೆ ಹೋಗಿ.’

ಇಷ್ಟೆಲ್ಲ ಯಾಕೆ ಅಂದರೆ, ಕಡತ ಕೇಳುವುದು ಇಷ್ಟನ್ನೇ. ಆಹ್ವಾನ ಪತ್ರಿಕೆ, ಫೋಟೋ, ಪತ್ರಿಕಾ ತುಣುಕು, ಶಾಮಿಯಾನದ ಬಿಲ್ಲು, ಹಣ ಬಳಕೆ ಪ್ರಮಾಣಪತ್ರ. ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಎಷ್ಟಕ್ಕೆ ಎದ್ದು ಹೋದರು ಎಂಬ ಕಾಲಂ ಅದರಲ್ಲಿಲ್ಲ. ಪ್ರೇಕ್ಷಕನಿಲ್ಲದೆಯೂ ಅನುದಾನ ಪೂರ್ತಿ ಖರ್ಚಾಗುತ್ತದೆ. ಹಾಗಿರುವಾಗ ಅವನನ್ನು ಅರಿಯುವ ಉಸಾಬರಿ ಯಾರಿಗೆ ಬೇಕು?

ಬೇಕಾದವರು ಇದ್ದಾರೆ. ಪುಷ್ಯದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ವೃತ್ತಿ ನಾಟಕ ಕಂಪನಿಗಳು ತಗಡಿನ ಥಿಯೇಟರು ಕಟ್ಟಿ ಸಾಲಾಗಿ ಕ್ಯಾಂಪು ಹಾಕಿರುತ್ತವೆ. ಒಂದು ರಾತ್ರಿಗೆ ಒಂದಕ್ಕಿಂತ ಹೆಚ್ಚು ಪ್ರಯೋಗ, ಬೆಳಗಿನ ಜಾವದವರೆಗೂ. ಯಾಕೆಂದರೆ ಹಳ್ಳಿಯಿಂದ ಬಂದವರಿಗೆ ರಾತ್ರಿ ಹೊರಡಲು ಗಾಡಿ ಇಲ್ಲ, ಮಲಗಲು ಜಾಗ ಇಲ್ಲ. ಬೆಳಗಾಗುವವರೆಗೆ ಕೂರಲು ಒಂದು ಕುರ್ಚಿ ಬೇಕು. ಇದನ್ನು ಕಂಡುಕೊಳ್ಳಲು ಮಾಲೀಕ ಸಮೀಕ್ಷೆ ಮಾಡಿಸಲಿಲ್ಲ. ಟಿಕೆಟ್ ಕಿಟಕಿಯ ಹತ್ತಿರ ಕೂತು ಕಲೆಕ್ಷನ್ ಎಣಿಸಿದ, ಅಷ್ಟೆ. ಮೊದಲ ಆಟಕ್ಕೆ ಹೆಂಗಸರು ಮಕ್ಕಳು ಎಷ್ಟು, ನಡುರಾತ್ರಿಯ ಆಟಕ್ಕೆ ಗಂಡಸರು ಎಷ್ಟು, ಯಾವ ದೃಶ್ಯಕ್ಕೆ ಶಿಳ್ಳೆ, ಯಾವುದಕ್ಕೆ ಬೀಡಿಗೆಂದು ಎದ್ದು ಹೋಗುತ್ತಾರೆ ಅನ್ನುವುದು ಅವನಿಗೆ ಬಾಯಿಪಾಠ. ಎದ್ದು ಹೋಗುವ ದೃಶ್ಯಕ್ಕೆ ಮರುದಿನ ಕತ್ತರಿ. ಅಲ್ಲಿ ಬರುವ ದ್ವಂದ್ವಾರ್ಥದ ಹಾಸ್ಯ ನಿಮಗೂ ನನಗೂ ಹಿಡಿಸದೆ ಇರಬಹುದು, ನನಗಂತೂ ಹಿಡಿಸುವುದಿಲ್ಲ. ಆದರೆ ಎದುರಿಗೆ ಯಾರು ಕೂತಿದ್ದಾರೆ ಎಂಬುದು ಅವರಿಗೆ ಗೊತ್ತು. ಕರಾವಳಿಯಲ್ಲಿ ಇಡೀ ರಾತ್ರಿಯ ಯಕ್ಷಗಾನವನ್ನೇ ಹಲವು ಮೇಳಗಳು ಕಾಲಮಿತಿಗೆ ಇಳಿಸಿದವು. ಪುರಾಣಪ್ರಸಂಗಕ್ಕೆ ಕತ್ತರಿ ಬಿತ್ತು, ನಮ್ಮ ಹಣ್ಣಿನ ಬುಟ್ಟಿಗೆ ಬೀಳಲಿಲ್ಲ.

ಬೆಂಗಳೂರಿನ ರಂಗಶಂಕರ 2004ರಲ್ಲಿ ಬಾಗಿಲು ತೆರೆದಾಗ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದಿತು. ಈ ಊರಿನ ಟ್ರಾಫಿಕ್ಕಿನಲ್ಲಿ! ಜನ ಒಂದು ಗಂಟೆ ಮೊದಲೇ ಬಂದು ಕಾಫಿ ಕುಡಿಯುವುದು ಕಲಿತರು. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಶುರು ಮಾಡಿ, ಜನ ಬರಲಿ ಎಂದು ಕಾಯದೆ ನಾಟಕವನ್ನೇ ಊರೂರಿಗೆ ಒಯ್ದಿತು. ಇದನ್ನೆಲ್ಲ ಸಂಘಟಕರ ಮುಂದೆ ಹೇಳಿದರೆ ಉತ್ತರ ತಯಾರಿರುತ್ತದೆ: ‘ಟಿಕೆಟ್ ಇಟ್ರೆ ನಮ್ಮೂರಲ್ಲಿ ಯಾರೂ ಬರಲ್ಲ ಸಾರ್.’ ಈಗ ಬರುತ್ತಿರುವವರು ಯಾರು ಎಂದು ಕೇಳುವುದು ಮರ್ಯಾದೆಯಲ್ಲ.

ಈಚೆಗೆ ಇದಕ್ಕೂ ಮದ್ದು ಬಂದಿದೆ: ‘ಪ್ರೇಕ್ಷಕರ ಸಹಭಾಗಿತ್ವ’ ಕುರಿತು ಒಂದು ದಿನದ ಕಾರ್ಯಾಗಾರ. ಸ್ಟಾರ್ ಹೋಟೆಲು, ಎಸಿ ಹಾಲು, ಪಿಪಿಟಿ, ಮಧ್ಯಾಹ್ನ ಬಫೆ. ಅಲ್ಲಿಂದ ಹೊರಬೀಳುವುದು ಒಂದು ಅಭಿಪ್ರಾಯ ನಮೂನೆ. ಇಪ್ಪತ್ತೆರಡು ಪ್ರಶ್ನೆ, ಇಂಗ್ಲಿಷಿನಲ್ಲಿ, ನಗುಮುಖ ಅಳುಮುಖದ ಚಿತ್ರ ಸಮೇತ. ಅದನ್ನು ಕೊಡುವುದು ಕಾರ್ಯಕ್ರಮ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ. ತುಂಬಿಕೊಡುವವರು ಯಾರು? ಕೊನೆತನಕ ಕೂತವರು, ಅಂದರೆ ಕಲಾವಿದರ ನೆಂಟರು. ನೂರಕ್ಕೆ ನೂರು ನಗುಮುಖ. ಬಾರದೆ ಉಳಿದವನನ್ನು, ಎಂಟು ಗಂಟೆಗೆ ಎದ್ದು ಹೋದವನನ್ನು ಯಾವ ನಮೂನೆಯೂ ಕೇಳುವುದಿಲ್ಲ. ಕೇಳಬೇಕಾದದ್ದು ಅವನನ್ನೇ, ಅದೂ ಬಾಗಿಲಲ್ಲಿ, ಬಾಯಿಮಾತಿನಲ್ಲಿ, ಮೂರೇ ಪ್ರಶ್ನೆ: ಯಾವ ಕಡೆಯಿಂದ ಬಂದಿರಿ, ಹೇಗೆ ಗೊತ್ತಾಯಿತು, ವಾಪಸ್ ಹೇಗೆ ಹೋಗುತ್ತೀರಿ. ಮೂರನೆಯ ಉತ್ತರ ಎಂಟು ಜನರಿಂದ ಬಂದರೆ ಸಾಕು, ಕಾರ್ಯಕ್ರಮ ಎಷ್ಟಕ್ಕೆ ಮುಗಿಯಬೇಕೆಂದು ತಾನಾಗಿ ತಿಳಿಯುತ್ತದೆ.

ನಗುವುದಕ್ಕೂ ಒಂದು ಮಿತಿ ಇದೆ. ಡೊಳ್ಳಿನ ತಂಡ ಮಧ್ಯಾಹ್ನ ಮೂರಕ್ಕೇ ಬಂದು ವೇದಿಕೆಯ ಹಿಂದೆ ಕೂತಿರುತ್ತದೆ. ಹನ್ನೆರಡು ಜನ, ಕುಡಿಯಲು ಒಂದು ಕ್ಯಾನು ನೀರು. ಬಿಸಿಲಿಗೆ ಏರಿದ ಚರ್ಮದ ಬಿಗಿ ರಾತ್ರಿಯ ಇಬ್ಬನಿಗೆ ಇಳಿದಿರುತ್ತದೆ. ಮತ್ತೆ ಕಾಯಿಸಲು ಬೆಂಕಿ ಹಾಕಿದರೆ ಶಾಮಿಯಾನದವನು ಬೈಯುತ್ತಾನೆ. 9.40ಕ್ಕೆ ನಿರೂಪಕಿ ‘ಸಮಯದ ಅಭಾವವಿರುವುದರಿಂದ ದಯವಿಟ್ಟು ಐದು ನಿಮಿಷ’ ಅನ್ನುತ್ತಾರೆ. ಐದು ನಿಮಿಷ. ಸಮಯವನ್ನು ನುಂಗಿದವರು ಕಾರು ಹತ್ತಿ ಹೋದರು, ಅಭಾವ ಮಾತ್ರ ಇವರ ಪಾಲಿಗೆ. ಎದುರಿಗೆ ಹಾಸ್ಟೆಲಿನ ಹುಡುಗಿಯರು ತೂಕಡಿಸುತ್ತಿದ್ದಾರೆ. ‘ಜೋರಾಗಿ ಚಪ್ಪಾಳೆ’ ಅಂದಾಗಲೆಲ್ಲ ತಟ್ಟಿ ಅಂಗೈ ಕೆಂಪಗಾಗಿದೆ. ಕಲೆ ಅಂದರೆ ಬಲವಂತಕ್ಕೆ ಕೂರುವುದು ಎಂದು ಆ ಮಕ್ಕಳಿಗೆ ಕಲಿಸಿದ್ದು ಮೊಬೈಲಲ್ಲ.

ದಾರಿ ಇಲ್ಲವೆಂದಲ್ಲ. ತಲೆಯನ್ನು ಮೂರು ಸಲ ಎಣಿಸಿ: ದೀಪ ಬೆಳಗುವಾಗ, ಸನ್ಮಾನ ಮುಗಿದಾಗ, ಕಲಾವಿದರು ರಂಗಕ್ಕೆ ಬಂದಾಗ. ಅನುದಾನದ ಕೊನೆಯ ಕಂತನ್ನು ಮೂರನೆಯ ಎಣಿಕೆಗೆ ಗಂಟು ಹಾಕಿ. ಹದಿನಾರು ಸನ್ಮಾನ ಎರಡಕ್ಕೆ ಇಳಿಯಲು ಒಂದು ವರ್ಷವೂ ಬೇಡ. ಸಂಘಟಕರು ಖಂಡಿತ ಒಪ್ಪುವುದಿಲ್ಲ, ಅದಕ್ಕೆ ಕಾರಣವೂ ಇದೆ. ಒಬ್ಬ ಸಾಧಕರ ಹಿಂದೆ ಹೆಂಡತಿ, ಮಗ, ಸೊಸೆ, ಮೊಮ್ಮಗು, ಫೋಟೋ ತೆಗೆಯಲು ಅಳಿಯ, ಹೀಗೆ ಐದು ತಲೆ ಬರುತ್ತವೆ. ಹದಿನಾರು ಸಾಧಕರೆಂದರೆ ಎಂಬತ್ತು ಜನ, ಬಸ್ಸಿಲ್ಲದೆ, ಪಲಾವಿಲ್ಲದೆ, ಸ್ವಂತ ಖರ್ಚಿನಲ್ಲಿ. ಬರುವ ವರ್ಷ ಸಾಧಕರ ಸಂಖ್ಯೆಯನ್ನು ಮೂವತ್ತಕ್ಕೆ ಏರಿಸುವ ಆಲೋಚನೆ ಇದೆಯಂತೆ.